ಮೊಣಕಾಲು ನೋಡಿ ಮಾತಾಡಿಸುತ್ತಿದ್ದವರು

ಅವರು ತೀರಿಕೊಂಡ ಸುದ್ದಿ ನನಗೆ ಸಿಕ್ಕಿದ್ದು ಹಳಿಯಾಳದ ಬಸ್ ಸ್ಟ್ಯಾಂಡಿನಲ್ಲಿ. ಹೇಳಿದವಳು ದಾಂಡೇಲಿಯ ಚಾಳಿನಲ್ಲಿ ನಮ್ಮ ಕೆಳಗಿನ ಮನೆಯಲ್ಲಿದ್ದ ಫಿಟ್ಟರನ ಹೆಂಡತಿ. ಅವಳೂ ನಾನೂ ಈಗ ಬಸ್ಸಿನ ಮೆಟ್ಟಿಲು ಹತ್ತುವ ಮೊದಲು ಮನೆದೇವರನ್ನು ನೆನೆಯುವ ವಯಸ್ಸಿನವರು. "ಸ್ಟೋರಿನವರು ಹೋದ್ರಂತ್ರೀ," ಅಂದಳು. ಅಯ್ಯೋ ಅನ್ನಬೇಕಾದ ನನ್ನ ಬಾಯಿಂದ ಬಂದದ್ದು, "ಹೌದ? ಅವರನ್ನ ಒಯ್ಯೂ ಸಾಮಾನ ಯಾರ ಆರಿಸಿದ್ರಂತ?" ಅವಳು ಸೆರಗು ಬಾಯಿಗೆ ಒತ್ತಿಕೊಂಡು ಅತ್ತಿತ್ತ ನೋಡಿ ನಕ್ಕಳು. ಸಾವಿನ ಸುದ್ದಿಗೆ ನಗಬಾರದು ಅಂತ ನನಗೂ ಗೊತ್ತು. ಆದರೆ ಅವರನ್ನು ಬಲ್ಲವರಿಗೆ ಅದು ಕಷ್ಟ.

ಕಾಗದದ ಮಿಲ್ಲಿನ ಸ್ಟೋರು ನೋಡಿಕೊಳ್ಳುತ್ತಿದ್ದರು. ಹಾಗಾಗಿ ಕಾಲನಿಗೆಲ್ಲ ಅವರು 'ಸ್ಟೋರಿನವರು'. ಊರು ಕಾರವಾರದ ಕಡೆ. ಧಾರವಾಡ, ಬೆಳಗಾವಿ ಜಿಲ್ಲೆಗಳಿಂದ ಹೊಟ್ಟೆ ಹೊರೆಯಲು ಬಂದ ನಮ್ಮಂಥವರ ನಡುವೆ ಅವರೊಬ್ಬರೇ ಶಾಲೆಯ ಪುಸ್ತಕದ ಕನ್ನಡ ಮಾತಾಡುತ್ತಿದ್ದರು. ತೆಳ್ಳಗೆ, ಉದ್ದಕ್ಕೆ, ಅಂಗಿಯ ಜೇಬಿನಲ್ಲಿ ಸದಾ ಅಳತೆಯ ಟೇಪು. ಎದುರಿಗೆ ಯಾರಾದರೂ ಸಿಕ್ಕರೆ ನಾವೆಲ್ಲ ಮುಖ ನೋಡುತ್ತೇವೆ. ಅವರು ಮೊಣಕಾಲು ನೋಡುತ್ತಿದ್ದರು. ಮೊಣಕಾಲಿಗೆ ನಮಸ್ಕಾರ ಹೇಳಿ, ಕುಶಲ ಕೇಳಿ, ಆಮೇಲೆ ಪುರುಸೊತ್ತಿದ್ದರೆ ಮುಖದ ಕಡೆ ಬರುತ್ತಿದ್ದರು. ಹೆಂಗಸರದು ಸೀರೆಯೊಳಗೆ ಇರುವುದರಿಂದ ನಡಿಗೆ ನೋಡುತ್ತಿದ್ದರು. ನಾನು ಹೊಸದಾಗಿ ಕಾಲನಿಗೆ ಬಂದಾಗ, ಈ ಗಂಡಸಿಗೆ ಏನು ಬಂದಿದೆ ರೋಗ ಅಂತ ನನ್ನ ಗಂಡನ ಹತ್ತಿರ ದೂರು ಹೇಳಿದ್ದೆ. ಮರುದಿನ ಅವರೇ ಮನೆಗೆ ಬಂದು, "ನಿಮ್ಮ ಶ್ರೀಮತಿಯವರು ಎಡಗಾಲನ್ನು ಸ್ವಲ್ಪ ಎಳೆಯುತ್ತಾರೆ, ಗಮನಿಸಿದ್ದೀರಾ?" ಅಂತ ನನ್ನ ಗಂಡನನ್ನು ಕೇಳಿದರು. ಗಂಡ ಗಮನಿಸಿರಲಿಲ್ಲ. ಮದುವೆಯಾದಾಗಿನಿಂದ ಅವರು ಗಮನಿಸಿದ್ದು ಊಟದ ತಾಟನ್ನು ಮಾತ್ರ.

ಈ ಮೊಣಕಾಲಿನ ಹುಚ್ಚು ಅವರಿಗೆ ಸುಮ್ಮನೆ ಹತ್ತಿದ್ದಲ್ಲ. ಮಿಲ್ಲು ಹೊಸದು, ಕಾಲನಿ ಹೊಸದು, ಬಂದವರೆಲ್ಲ ಹರೆಯದವರು. ಹರೆಯದವರಿಗೆ ತಕ್ಕ ಹಾಗೆ ಮಹಡಿಯ ಚಾಳು, ಕಡಿದಾದ ಮೆಟ್ಟಿಲು. ಆಮೇಲೆ ಒಬ್ಬೊಬ್ಬರೇ ಊರಿನಿಂದ ತಾಯಿ ತಂದೆಯನ್ನು ಕರೆತಂದರು. ಹುಟ್ಟಿದಾಗಿನಿಂದ ನೆಲದ ಮೇಲೆ ನಡೆದವರು, ಎತ್ತರ ಅಂದರೆ ಹೊಲದ ಬದು ಅಂತ ತಿಳಿದವರು, ಇಲ್ಲಿ ಬಂದು ನೀರಿಗೆ, ಬಯಲಿಗೆ, ಮಾತಿಗೆ ಎಲ್ಲದಕ್ಕೂ ಮೆಟ್ಟಿಲು ಇಳಿಯಬೇಕಾಯಿತು. ಮಳೆಗಾಲ ಮುಗಿಯುವುದರೊಳಗೆ ಕಾಲನಿಯ ಅರ್ಧ ಮುದುಕರು ಗೋಡೆ ಹಿಡಿದು ನಿಂತರು. ಅವರನ್ನು ಕಂಡು ಸ್ಟೋರಿನವರಿಗೆ ತಮ್ಮ ಜನ್ಮದ ಕೆಲಸ ಸಿಕ್ಕಿತು.

ಕೆಲಸ ಅಂದರೆ ಆರಿಸುವುದು. ಯಾರಿಗೆ ಎಂಥ ಕೋಲು, ಯಾವ ಮೆಟ್ಟಿಲಿಗೆ ಎಂಥ ಹಿಡಿಕೆ, ಹಗ್ಗ ಸಾಕೋ ಕಟ್ಟಿಗೆಯ ಕಂಬಿ ಬೇಕೋ. ಇದನ್ನು ಯಾರೂ ಅವರಿಗೆ ಒಪ್ಪಿಸಿರಲಿಲ್ಲ, ಆದರೆ ಅವರು ರಜೆಯ ದಿನಗಳನ್ನೆಲ್ಲ ಇದಕ್ಕೇ ಮೀಸಲಿಟ್ಟರು. "ಮೊದಲು ಮೆಟ್ಟಿಲಿನ ಸ್ವಭಾವ ತಿಳಿಯಬೇಕು," ಅನ್ನುತ್ತಿದ್ದರು. ಸ್ವಭಾವ ತಿಳಿಯಲು ಮೆಟ್ಟಿಲ ಮೇಲೆ ಕೂತು ಬಿಡುತ್ತಿದ್ದರು. ಮೇಲಿನವರು ಕೆಳಗೆ ಬರುವ ಹಾಗಿಲ್ಲ, ಕೆಳಗಿನವರು ಮೇಲೆ ಹೋಗುವ ಹಾಗಿಲ್ಲ, ಕೊಡ ಹೊತ್ತ ಹೆಂಗಸರು ಕಾಯುತ್ತಾ ನಿಲ್ಲಬೇಕು. ಅವಸರ ಮಾಡಿದರೆ, "ಆಯ್ಕೆ ಅವಸರದ ಕೆಲಸವಲ್ಲ ತಾಯಿ," ಅಂತ ಟೇಪು ಮಡಚುತ್ತಿದ್ದರು. ಅವರ ಮನೆಯ ಅಲಮಾರಿಯ ಬಾಗಿಲು ಕಿತ್ತು ಬಂದು ವರ್ಷಗಳೇ ಆಗಿದ್ದವು. "ಬಿಜಾಗರಿ ಆರಿಸ್ತಾ ಇದ್ದಾರೆ," ಅಂತ ಅವರ ಹೆಂಡತಿ ನಿಟ್ಟುಸಿರು ಬಿಡುತ್ತಿದ್ದರು.

ಮಹಡಿಯಲ್ಲಿ ನಮ್ಮ ಪಕ್ಕದ ಮನೆಯ ಮುದುಕನಿಗೆ ನಾಲ್ಕು ಕಾಲಿನ ಕೋಲು ಮಾಡಿಸಿಕೊಟ್ಟರು. ಒಂದು ಕಾಲಿನ ಕೋಲು ಜಾರುತ್ತದೆ, ನಾಲ್ಕು ಕಾಲಿನದು ಜಾರುವುದಿಲ್ಲ ಎಂಬುದು ತರ್ಕ. ತರ್ಕಕ್ಕೆ ಏನೂ ಕೊರತೆ ಇರಲಿಲ್ಲ. ಆದರೆ ನಮ್ಮ ಮೆಟ್ಟಿಲಿನ ಅಗಲಕ್ಕೆ ಅದರ ಎರಡು ಕಾಲು ಕೂರುತ್ತಿದ್ದವು, ಇನ್ನೆರಡು ಗಾಳಿಯಲ್ಲಿ ನಿಲ್ಲುತ್ತಿದ್ದವು. ಮುದುಕ ಅದನ್ನು ಅಂಗಳದಲ್ಲಿ ನಿಲ್ಲಿಸಿ ತನ್ನ ಹಳೆಯ ಬಡಿಗೆ ಹಿಡಿದು ಓಡಾಡಿದ. ಸಂಜೆಯಾದರೆ ಕೋಳಿಗಳು ಅದರ ಮೇಲೆ ಹತ್ತಿ ಕೂರುತ್ತಿದ್ದವು. ಕಂಪೌಂಡರನ ತಾಯಿಗೆ ಮೆಟ್ಟಿಲುದ್ದಕ್ಕೂ ತೇಗದ ಹಿಡಿಕೆ ಹಾಕಿಸಿದರು. ಕೈಗೆ ಸಿಬಿರು ಚುಚ್ಚಬಾರದೆಂದು ಎಣ್ಣೆ ಹಚ್ಚಿ ಎಷ್ಟು ನುಣ್ಣಗೆ ತಿಕ್ಕಿಸಿದರೆಂದರೆ, ಹಿಡಿದ ಕೈ ತಾನಾಗಿ ಕೆಳಗೆ ಬಂದುಬಿಡುತ್ತಿತ್ತು. ಆಮೇಲೆ ಅದಕ್ಕೆ ಅಲ್ಲಲ್ಲಿ ಹಗ್ಗ ಸುತ್ತಿದರು. ಹೇಳಬಾರದು, ಹಗ್ಗ ಸುತ್ತಿದ ಮೇಲೆ ಅದು ಬಹಳ ಕೆಲಸಕ್ಕೆ ಬಂತು. ಚಾಳಿನವರೆಲ್ಲ ಅದನ್ನು ಹಿಡಿದೇ ಹತ್ತುತ್ತಿದ್ದೆವು, ಹತ್ತಿ ಮೇಲೆ ಹೋಗಿ ಅವರನ್ನು ಆಡಿಕೊಳ್ಳುತ್ತಿದ್ದೆವು.

ಮಿಲ್ಲಿಗೆ ಯಂತ್ರಗಳ ಜೊತೆ ಪರದೇಶದ ಕ್ಯಾಟಲಾಗುಗಳು ಬರುತ್ತಿದ್ದವಂತೆ. ಅಂಥ ಒಂದರಲ್ಲಿ ಕರೆಂಟಿನ ಮೇಲೆ ಗೋಡೆಯ ಪಕ್ಕದಲ್ಲೇ ಮೆಟ್ಟಿಲು ಏರುವ ಕುರ್ಚಿಯ ಚಿತ್ರವಿತ್ತು. ಬಿಳಿಕೂದಲಿನ ದೊರೆಸಾನಿಯೊಬ್ಬಳು ಅದರಲ್ಲಿ ಕೈಚೀಲ ಹಿಡಿದು ನಗುತ್ತಾ ಕೂತಿದ್ದಳು. ಸ್ಟೋರಿನವರು ಆ ಹಾಳೆಯನ್ನು ಮಡಚಿ ಟೇಪಿನ ಜೊತೆ ಇಟ್ಟುಕೊಂಡು, ಕಂಡವರಿಗೆಲ್ಲ ದೇವರ ಪಟದಂತೆ ತೋರಿಸುತ್ತಿದ್ದರು. ಕರೆಂಟು ಹೋದರೆ ಆಕೆ ನಡುವೆ ಏನು ಮಾಡುತ್ತಾಳೆ ಅಂತ ನಾನು ಕೇಳಿದೆ. ಅವರು ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ.

ಈಗ ನಮ್ಮ ಅತ್ತೆಯ ವಿಷಯ. ಸಂತೆಯಿಂದ ಬರುವಾಗ ಮೆಟ್ಟಿಲಲ್ಲಿ ಜಾರಿ ಬಿದ್ದು ಆಕೆಯ ಮೊಣಕಾಲು ಹೋಯಿತು. ಊದಿದ್ದು ಇಳಿಯಿತು, ಆದರೆ ಕಾಲು ಮತ್ತೆ ನೆಟ್ಟಗಾಗಲಿಲ್ಲ. ಮನೆಯೊಳಗೆ ಗೋಡೆ ಹಿಡಿದು ಓಡಾಡುತ್ತಿದ್ದಳು, ಮೆಟ್ಟಿಲು ಇಳಿಯುವುದು ಮಾತ್ರ ನಿಂತುಹೋಯಿತು. ನನ್ನ ಗಂಡ ಒಮ್ಮೆ ಬೆನ್ನ ಮೇಲೆ ಹೊರಲು ನೋಡಿದರು. ಅತ್ತೆ ಜೋಳದ ರೊಟ್ಟಿ ತಿಂದು ಬೆಳೆದ ಹೆಂಗಸು. ನನ್ನ ಗಂಡ ಕಾಗದದ ಮಿಲ್ಲಿನಲ್ಲಿದ್ದು ಕಾಗದದ ಹಾಗೇ ಆಗಿದ್ದರು. ಬಾಗಿಲು ದಾಟುವುದರೊಳಗೆ ತಾಯಿ ಮಗ ಇಬ್ಬರೂ ಹೊಸ್ತಿಲ ಮೇಲೆ ಕೂತು ದಮ್ಮು ಬಿಡುತ್ತಿದ್ದರು.

ಕೆಳಗೆ ಬರದಿದ್ದರೆ ಆಕೆಗೆ ಏನು ಕಡಿಮೆಯಾಗಿತ್ತು ಅಂದರೆ, ಮರಿಯಾ. ಮರಿಯಾ ಮೌಳಂಗಿಯ ಆಚೆಯ ಸಿದ್ದಿಯರ ಕೇರಿಯವಳು, ಇಗರ್ಜಿಗೆ ಹೋಗುವ ಕ್ರೈಸ್ತರ ಪೈಕಿ. ಸಂತೆಯ ದಿನ ಕಳಲೆ, ಜೇನು, ಕಸಬರಿಗೆ ತಂದು ಮಾರುತ್ತಿದ್ದಳು. ಮಾರಾಟ ಮುಗಿಸಿ ನಮ್ಮ ಚಾಳಿನ ಮುಂದಿನ ಬೇವಿನ ಗಿಡದ ಕೆಳಗೆ ಬರುತ್ತಿದ್ದಳು. ಅತ್ತೆ ಎಲೆ ಅಡಿಕೆ ಕಟ್ಟಿಕೊಂಡು ಇಳಿಯುತ್ತಿದ್ದಳು. ಒಬ್ಬಳದು ಕೊಂಕಣಿ ಬೆರೆತ ಕನ್ನಡ, ಇನ್ನೊಬ್ಬಳದು ನವಲಗುಂದದ ಕಡೆಯ ಕನ್ನಡ. ಅರ್ಥವಾದದ್ದು ಎಷ್ಟೋ ಏನೋ, ಹೊತ್ತು ಇಳಿಯುವ ತನಕ ಮಾತು ಮಾತ್ರ ನಿಲ್ಲುತ್ತಿರಲಿಲ್ಲ. ಅತ್ತೆ ಬಿದ್ದ ಮೇಲೆ ಮರಿಯಾ ಹತ್ತಿ ಬರೋಣ ಅಂದರೆ, ಅವಳ ಒಂದು ಪಾದ ಸದಾ ಬಾತುಕೊಂಡೇ ಇರುತ್ತಿತ್ತು. ನೆಲದ ಮೇಲೆ ಹೇಗೋ ಕುಂಟುತ್ತಾಳೆ, ಮೆಟ್ಟಿಲು ಆಗದು. ಮೇಲೆ ಒಬ್ಬಳು, ಕೆಳಗೆ ಒಬ್ಬಳು. ಎಲೆ ಅಡಿಕೆ ಹಗ್ಗಕ್ಕೆ ಕಟ್ಟಿದ ಬುಟ್ಟಿಯಲ್ಲಿ ಇಳಿಯುತ್ತಿತ್ತು, ಕಳಲೆ ಏರುತ್ತಿತ್ತು. ಮಾತನ್ನು ಕೂಗಿ ಕೂಗಿ ಆಡಬೇಕು.

ಕೂಗಿ ಆಡುವ ಮಾತು ಎಷ್ಟಿದ್ದೀತು? ಮಳೆ, ಬೆಳೆ, ಮೈ ಹುಷಾರು. ಮುಖ್ಯವಾದದ್ದು ಅಂದರೆ ಸೊಸೆಯ ದೂರು. ಅದನ್ನು ಸೊಸೆಗೆ ಕೇಳುವ ಹಾಗೆ ಕೂಗಿ ಹೇಳಿದರೆ ಅದರಲ್ಲಿ ಏನು ರುಚಿ? ಅತ್ತೆ ದಿನದಿನಕ್ಕೆ ಬತ್ತತೊಡಗಿದಳು. ರೊಟ್ಟಿ ಅರ್ಧಕ್ಕೆ ಬಿಡುವುದು, ಗೋಡೆಗೆ ಮುಖ ಮಾಡಿ ಮಲಗುವುದು. "ಒಂದ ನನ್ನ ಕೆಳಗ ಇಳಸು, ಇಲ್ಲಾ ಅಕಿನ್ನ ಮ್ಯಾಲ ತಾ," ಅಂತ ಮಗನಿಗೆ ಹೇಳಿದಳು. "ಎರಡೂ ಆಗೂದಿಲ್ಲಂದ್ರ ನನ್ನ ಯಾಕ ಇಲ್ಲಿ ತಂದಿಟ್ಟಿ?" ನನ್ನ ಗಂಡ ನೇರ ಸ್ಟೋರಿನವರ ಹತ್ತಿರ ಹೋದರು.

ಅವರು ಬಂದರು. ಮೆಟ್ಟಿಲು ಅಳೆದರು, ತಿರುವು ಅಳೆದರು, ಬಾಗಿಲು ಅಳೆದರು. ಅತ್ತೆಯ ತೂಕ ಎಷ್ಟಿದ್ದೀತು ಅಂತ ನನ್ನನ್ನು ಪಿಸುಮಾತಿನಲ್ಲಿ ಕೇಳಿದರು. ಅತ್ತೆ ಅಲ್ಲೇ ಕೂತಿದ್ದಳು. ಆಕೆಯನ್ನು ಒಂದು ಮಾತು ಕೇಳಲಿಲ್ಲ. ಆಮೇಲೆ ವಾರಗಟ್ಟಲೆ ಮಿಲ್ಲಿನ ಬಿದಿರಿನ ಅಂಗಳದಲ್ಲಿ ಒಂದೊಂದೇ ಬೊಂಬು ತಟ್ಟಿ, ಕಿವಿ ಇಟ್ಟು ಕೇಳಿ, ತೆಗೆದಿಟ್ಟು, ಮತ್ತೆ ಬೇಡವೆಂದರಂತೆ. ಗೋವೆಯ ಬಡಿಗನೊಬ್ಬನ ಕೈಯಲ್ಲಿ ಬೆತ್ತದ ಕುರ್ಚಿ ಮಾಡಿಸಿ, ಎರಡು ಬದಿಗೆ ಆ ಬೊಂಬು ಕಟ್ಟಿಸಿದರು. ಹೊರುವುದಕ್ಕೆ ಆಂಧ್ರದಿಂದ ಬಂದ ನಾಲ್ವರು ಹಮಾಲರನ್ನು ಆರಿಸಿದರು, ನಾಲ್ವರದೂ ಒಂದೇ ಎತ್ತರ. ಯಾರಿಗೂ ತೋರಿಸಲಿಲ್ಲ. ದಸರೆಯ ಖಂಡೆಪೂಜೆಯ ದಿನ ಮಿಲ್ಲಿನ ಯಂತ್ರಗಳ ಸಾಲಿನಲ್ಲಿ ಇದನ್ನೂ ಇಟ್ಟು ಪೂಜೆ ಮಾಡಿಸಿ, ಅಲ್ಲಿಂದ ನೇರ ನಮ್ಮ ಚಾಳಿಗೆ ಹೊರಿಸಿಕೊಂಡು ಬಂದರು.

ಇಲ್ಲಿ ಒಂದು ಮಾತು ಹೇಳಬೇಕು. ನಾವು ಲಿಂಗವಂತರು. ನಮ್ಮಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ. ಕುರ್ಚಿಯಂಥದರಲ್ಲಿ ಕೂಡಿಸಿ, ಬಾಳೆಕಂಬ ಕಟ್ಟಿ, ಹೂಮಾಲೆ ಇಳಿಬಿಟ್ಟು, ಹೆಗಲ ಮೇಲೆ ಹೊತ್ತು, ಜಾಗಟೆ ಬಾರಿಸುತ್ತಾ ಒಯ್ಯುತ್ತಾರೆ. ವಿಮಾನ ಅಂತ ಅದಕ್ಕೆ ಹೆಸರು. ಹೊಸ ಕಾಲನಿಯಲ್ಲಿ ಅಲ್ಲಿಯ ತನಕ ನಮ್ಮವರು ಯಾರೂ ಸತ್ತಿರಲಿಲ್ಲ. ಕಾರವಾರದ ಸ್ಟೋರಿನವರು ಅದನ್ನು ನೋಡುವುದಾದರೂ ಎಲ್ಲಿ? ಅವರ ಕುರ್ಚಿಗೆ ಪೂಜೆಯ ಚೆಂಡುಹೂವಿನ ಮಾಲೆ ಇಳಿಬಿದ್ದಿತ್ತು. ನಾಲ್ಕು ಮೂಲೆಗೆ ಬಾಳೆಕಂಬ. ಮುಂದೆ ಮಿಲ್ಲಿನ ಜವಾನ ಜಾಗಟೆ ಬಾರಿಸುತ್ತಾ ಬರುತ್ತಿದ್ದ. ಹಿಂದೆ ಸ್ಟೋರಿನವರು, ಕೈ ಕಟ್ಟಿಕೊಂಡು, ಭಕ್ತಿಯಿಂದ.

ಕೆಳಗಿದ್ದ ಫಿಟ್ಟರನ ಹೆಂಡತಿ ಅದು ನಮ್ಮ ಮೆಟ್ಟಿಲ ಕಡೆ ತಿರುಗಿದ್ದನ್ನು ಕಂಡಳು. ರೊಟ್ಟಿಯ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ಸ್ವರ ತೆಗೆದು ಅಳತೊಡಗಿದಳು. ಚಾಳಿನ ಹೆಂಗಸರೆಲ್ಲ ಕೂಡಿಕೊಂಡರು. ಯಾರೋ ಮಿಲ್ಲಿನ ಗೇಟಿಗೆ ಓಡಿ ನನ್ನ ಗಂಡನಿಗೆ ತಾಯಿ ಹೋದ ಸುದ್ದಿ ಮುಟ್ಟಿಸಿದರು. ಆ ಮನುಷ್ಯ ಬರಿಗಾಲಲ್ಲಿ ಅಳುತ್ತಾ ಓಡಿ ಬಂದರು. ನಾನು ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದೆ. ಅತ್ತೆ ಒಳಗಿನಿಂದ ಕೇಳಿದಳು, "ಯಾರ ಹೋದ್ರ ಬೇ?"

"ನೀವ ಹೋಗೀರಂತ ರೀ ಅತ್ತಿ," ಅಂದೆ.

"ಹೌದ? ನನಗ ಯಾರೂ ಹೇಳಲೇ ಇಲ್ಲ." ಗೋಡೆ ಹಿಡಿದು ಬಾಗಿಲಿಗೆ ಬಂದು ನಿಂತು, ತನ್ನ ಸಾವಿನ ಅಳುವನ್ನು ಮನಸ್ಸಿಟ್ಟು ಕೇಳಿದಳು. "ಅಕಿ ಯಾರಕಿ, ಭಾಳ ಚಲೋ ಅಳಾಕತ್ತಾಳ?"

"ಫಿಟ್ಟರನ ಹೆಂಡ್ತಿ ರೀ."

"ಒಯ್ದ ಜರಡಿ ಇನ್ನೂ ಕೊಟ್ಟಿಲ್ಲ ಅಕಿ. ಹಂಗಾದ್ರ ಅಳಲಿ ಬಿಡು."

ಅಷ್ಟರಲ್ಲಿ ಕುರ್ಚಿ ಮೇಲೆ ಬಂತು. ಸ್ಟೋರಿನವರ ಮುಖ ಹೊಸ ಮದುಮಗನ ಹಾಗೆ ಹೊಳೆಯುತ್ತಿತ್ತು. ಕೆಳಗಿನ ಅಳುವನ್ನು ಅವರು ಹರ್ಷವೆಂದು ತಿಳಿದಿದ್ದರೋ ಏನೋ. "ಬನ್ನಿ ಅಮ್ಮ, ಕೂತುಕೊಳ್ಳಿ. ಸ್ವಲ್ಪವೂ ಅಲುಗದ ಹಾಗೆ ಒಯ್ಯುತ್ತಾರೆ," ಅಂದರು.

ಅತ್ತೆ ಮಾಲೆ ನೋಡಿದಳು, ಬಾಳೆಕಂಬ ನೋಡಿದಳು, ನಾಲ್ವರನ್ನು ನೋಡಿದಳು. "ಅಲುಗದಂಗ ಒಯ್ತಾರ, ಖರೇ ಐತಿ," ಅಂದಳು. "ಆದ್ರ ತಮ್ಮಾ, ನಾ ಇನ್ನೂ ಊಟ ಮಾಡಿಲ್ಲ." ನನ್ನ ಗಂಡ ಅಳು ಮರೆತು, ಇದು ಏನು, ಯಾರನ್ನು ಹೀಗೆ ಒಯ್ಯುತ್ತಾರೆ ಅಂತ ಅವರಿಗೆ ಬಿಡಿಸಿ ಹೇಳಿದರು. ಅವರ ಮುಖದ ಹೊಳಪು ಇಳಿದು ಹೋದದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದೆ. ಅತ್ತೆ ಮಾತ್ರ ಬಿಡಲಿಲ್ಲ. "ಮೆಟ್ಲಾ ಅಳದಿ, ಗ್ವಾಡಿ ಅಳದಿ. ಇದರಾಗ ಕುಂಡ್ರಾಕಿ ನಾ. ನನ್ನ ಒಂದ ಮಾತ ಕೇಳಿದ್ಯೇನು?"

ಅವರು ಕುರ್ಚಿಯ ಮಾಲೆಗೆ ಕೈ ಹಾಕಿ ಕೀಳತೊಡಗಿದರು.

"ಇದರಾಗ ನಾ ಕುಂಡ್ರೂದಿಲ್ಲ. ಬದುಕಿದಾಗೂ ಇಲ್ಲ, ಸತ್ತಮ್ಯಾಲೂ ಇಲ್ಲ. ತಿಳೀತಿಲ್ಲೋ?" ಅಂದು ಅತ್ತೆ ಒಳಗೆ ಹೋಗಿ, ಗೋಡೆಗೆ ಮುಖ ಮಾಡಿ ಮಲಗಿದಳು. ಕಾಲನಿ ಒಂದು ತಿಂಗಳು ನಕ್ಕಿತು. ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕೆ. ಆದರೆ ಅತ್ತೆ ಆ ದಿನದ ಊಟವನ್ನೂ ಮಾಡಲಿಲ್ಲ, ಮರುದಿನದ್ದನ್ನೂ ಮುಟ್ಟಿ ಬಿಟ್ಟಳು. ಇಳಿಯುವ ಆಸೆಯೊಂದು ಇತ್ತು, ಅದೂ ಹೀಗಾಯಿತಲ್ಲ ಅಂತ ನನಗೆ ಒಳಗೊಳಗೇ ಸಂಕಟವಾಗುತ್ತಿತ್ತು.

ಮಾಲೆ ಕಿತ್ತ ಕುರ್ಚಿ ಮೆಟ್ಟಿಲ ಬುಡದಲ್ಲಿ ಬಿದ್ದಿತ್ತು. ಸ್ಟೋರಿನವರು ನಮ್ಮ ಚಾಳಿನ ದಾರಿ ಬಿಟ್ಟು ಸುತ್ತು ಹಾಕಿ ಹೋಗುತ್ತಿದ್ದರು. ಕೆಲವು ಸಂತೆ ಕಳೆದ ಮೇಲೆ ಒಂದು ದಿನ ಅವರು ಅದನ್ನು ಎತ್ತಿಸಿಕೊಂಡು ಹೋಗೋಣವೆಂದು ಹಮಾಲರನ್ನು ಕರೆದುಕೊಂಡು ಬಂದರೆ, ಅದರಲ್ಲಿ ಮರಿಯಾ ಕೂತಿದ್ದಳು. ಬುಟ್ಟಿ ಪಕ್ಕಕ್ಕೆ ಇಟ್ಟು, ಬಾತ ಪಾದವನ್ನು ಕೈಯಿಂದ ನೀವಿಕೊಳ್ಳುತ್ತಾ, ಮೇಲೆ ಮುಖ ಮಾಡಿ ಅತ್ತೆಯ ಜೊತೆ ಕೂಗಾಡುತ್ತಿದ್ದಳು. ನಾನು ಮೇಲಿನ ಕಟಾಂಜನದ ಕಂಬಿ ಹಿಡಿದು ನಿಂತಿದ್ದೆ. ಸ್ಟೋರಿನವರು ಅವಳ ಮುಂದೆ ನಿಂತರು, ಟೇಪಿನ ಕಡೆ ಹೋದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು. ಆಮೇಲೆ ಮೊಣಕಾಲು ಬಿಟ್ಟು ಮುಖ ನೋಡಿ ಕೇಳಿದರು, "ಬಾಯಿ, ನಿಮ್ಮನ್ನು ಇದರಲ್ಲಿ ಮೇಲೆ ಒಯ್ದರೆ ನಡೆಯುತ್ತದೆಯೇ? ನಿಮ್ಮವರಲ್ಲಿ ಏನೂ ತಪ್ಪಿಲ್ಲವಲ್ಲ?"

ಮರಿಯಾ ಗಹಗಹಿಸಿ ನಕ್ಕಳು. "ನಮ್ಮ ಮಂದೀನ್ನ ಪೆಟ್ಟಿಗ್ಯಾಗ ಮಲಗಿಸಿ ಒಯ್ತಾರ ಸಾಯಬಾ. ಕುರ್ಚಿಗೆ ನಾ ಯಾಕ ಅಂಜಲಿ? ಒಯ್ಯಿರಿ."

ನಾಲ್ವರು ಎತ್ತಿದರು. ಸ್ಟೋರಿನವರು ಮುಂದೆ ನಿಂತು, ಕುರ್ಚಿಗೆ ಮುಖ ಮಾಡಿ, ಹಿಂದು ಹಿಂದಕ್ಕೆ ಒಂದೊಂದೇ ಮೆಟ್ಟಿಲು ಹತ್ತುತ್ತಾ, ಎರಡೂ ಕೈ ಚಾಚಿ "ಸಾವಕಾಶ, ಸಾವಕಾಶ" ಅನ್ನುತ್ತಾ ಬಂದರು. ಮರಿಯಾ ಕಳಲೆಯ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು, ಆ ಕ್ಯಾಟಲಾಗಿನ ದೊರೆಸಾನಿ ಕೂಡ ಅಷ್ಟು ಚೆನ್ನಾಗಿ ಕೂತಿರಲಿಲ್ಲ, ಹಾಗೆ ಬಂದಳು. ಅತ್ತೆ ಬಾಗಿಲಲ್ಲಿ ನಿಂತು ಇಬ್ಬರನ್ನೂ ನೋಡಿದಳು. ಸ್ಟೋರಿನವರಿಗೆ, "ಈಗ ನೋಡು, ಕೇಳಿದ್ರ ಎಷ್ಟ ಹಗರ ಆತು," ಅಂದಳು. ನನಗೆ, "ನಿನಗ ನೀರ ತರೂದಿತ್ತಲ್ಲ," ಅಂದಳು. ನಾನು ಕೊಡ ಹಿಡಿದು ಹೊರಗೆ ಬಂದೆ. ಹಿಂದೆ ಬಾಗಿಲು ಮುಚ್ಚಿತು.

ಅಂದಿನಿಂದ ಪ್ರತಿ ಸಂತೆಗೂ ಇದೇ ನಡೆಯಿತು. ಹಮಾಲರು ಸಂಜೆಯ ಚಹಾ ನಮ್ಮಲ್ಲೇ ಕುಡಿಯುತ್ತಿದ್ದರು. ಸ್ಟೋರಿನವರು ಒಂದು ಸಲವೂ ತಪ್ಪಿಸಲಿಲ್ಲ, ಮಳೆ ಬಂದರೆ ಕೊಡೆ ಹಿಡಿದು ನಿಲ್ಲುತ್ತಿದ್ದರು. ಅವರ ಕೃಪೆಯಿಂದ ನನ್ನ ಮೇಲಿನ ಖಟ್ಲೆ ಮುಚ್ಚಿದ ಬಾಗಿಲೊಳಗೆ ವರ್ಷಾನುಗಟ್ಟಲೆ ಸಾಂಗವಾಗಿ ನಡೆಯಿತು. ಆರೋಪಿಗೆ ಒಳಗೆ ಪ್ರವೇಶವಿರಲಿಲ್ಲ. ಅತ್ತೆ ಮಾತ್ರ ರೊಟ್ಟಿ ಪೂರ್ತಿ ತಿನ್ನತೊಡಗಿದಳು, ಎರಡನೆಯದಕ್ಕೂ ಕೈ ಚಾಚಿದಳು.

ಅತ್ತೆ ಹೋದದ್ದು ಒಂದು ಬೆಳಿಗ್ಗೆ, ನನ್ನ ಕೈಯ ಚಹಾ ಸಪ್ಪೆಯಾಗಿದೆ ಅಂತ ಹೇಳಿ ಸ್ವಲ್ಪ ಹೊತ್ತಿಗೆ. ಊರಿನಿಂದ ನಮ್ಮ ಕಾಕಾ, ಅಂದರೆ ಮಾವನವರ ತಮ್ಮ, ಮಧ್ಯಾಹ್ನದ ಬಸ್ಸಿಗೆ ಬಂದರು. ಬಂದವರೇ ವಿಮಾನಕ್ಕೆ ಬಿದಿರು ಎಲ್ಲಿ ಅಂತ ಹುಡುಕುತ್ತಾ ಮೆಟ್ಟಿಲ ಬುಡಕ್ಕೆ ಹೋಗಿ ಆ ಕುರ್ಚಿ ಕಂಡರು. "ಸಿದ್ಧನ ಐತಲ್ಲ, ಮತ್ತ ಯಾಕ ಕಟ್ಟೂದು? ಬಾಳಿಕಂಬ ಒಂದ ತರ್ರಿ ಸಾಕು," ಅಂದರು. ಹೊತ್ತು ಇಳಿಯುತ್ತಿತ್ತು. ಯಾರಿಗೂ ತಪ್ಪು ಕಾಣಲಿಲ್ಲ. ನನ್ನ ಗಂಡನೂ ಆಗಲಿ ಅಂತ ತಲೆಯಾಡಿಸಿದರು.

ಸ್ಟೋರಿನವರು ಗುಂಪಿನ ಹಿಂದೆ ನಿಂತಿದ್ದರು. ಮುಂದೆ ಬಂದು ಆ ಕುರ್ಚಿಯಲ್ಲಿ ಕೂತುಬಿಟ್ಟರು. ಎರಡೂ ಕೈಯಿಂದ ಬೊಂಬು ಗಟ್ಟಿಯಾಗಿ ಹಿಡಿದುಕೊಂಡರು.

"ಏಳ್ರಿ ಸಾಹೇಬ್ರ, ಹೊತ್ತಾಗತೈತಿ," ಅಂದರು ಕಾಕಾ. ಏಳಲಿಲ್ಲ. ನನ್ನ ಗಂಡ ಭುಜ ಮುಟ್ಟಿದರು, ಏಳಲಿಲ್ಲ. ಕಾಕಾಗೆ ಸಿಟ್ಟು ಬಂತು. "ಸತ್ತಾಕಿಗೆ ಈಗೇನ ಗೊತ್ತಾಗತೈತ್ರೀ, ಯಾವುದರಾಗ ಒಯ್ದ್ರ ಏನು?"

ಅಷ್ಟು ವರ್ಷಗಳಲ್ಲಿ ಸ್ಟೋರಿನವರು ನಮ್ಮ ಮಾತು ಆಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. "ಅಕಿ ಬ್ಯಾಡ ಅಂದಾಳ," ಅಂದರು. "ಸತ್ತಮ್ಯಾಲೂ ಬ್ಯಾಡ ಅಂದಾಳ. ಬ್ಯಾಡ ಅಂದ್ರ ಬ್ಯಾಡ."

ಕಾಕಾ ನನ್ನ ಕಡೆ ನೋಡಿದರು. ನಾನು ಹೌದು ಅಂದೆ. ಸ್ಟೋರಿನವರು ಕೂತಲ್ಲಿಂದಲೇ ಹಮಾಲರಿಗೆ ಬಿದಿರಿನ ಅಂಗಳಕ್ಕೆ ಓಡಿ, ಮುಂದಿನ ರಾಶಿಯಲ್ಲಿ ಕೈಗೆ ಸಿಕ್ಕಿದ್ದನ್ನು ತರಲು ಹೇಳಿದರು. ತಟ್ಟಿ ನೋಡಿ ಅಂತ ಹೇಳಲಿಲ್ಲ, ಅಳತೆಯನ್ನೂ ಹೇಳಲಿಲ್ಲ. ಬೊಂಬು ಬಂದು, ಬೇವಿನ ಗಿಡದ ಕೆಳಗೆ ವಿಮಾನ ಕಟ್ಟುವ ತನಕ ಅವರು ಕುರ್ಚಿ ಬಿಡಲಿಲ್ಲ.

ಅಷ್ಟರಲ್ಲಿ ಮರಿಯಾ ಬಂದಳು. ಸುದ್ದಿ ಹೇಗೋ ಮೌಳಂಗಿಗೆ ಮುಟ್ಟಿತ್ತು. ಸಂತೆಯ ದಿನವಲ್ಲ, ಬುಟ್ಟಿ ಇರಲಿಲ್ಲ, ಅಷ್ಟು ದೂರ ಕುಂಟುತ್ತಾ ಬಂದು ಪಾದ ಇನ್ನಷ್ಟು ಬಾತಿತ್ತು. ಆಗ ಸ್ಟೋರಿನವರು ಎದ್ದರು. ಹೆಗಲ ಮೇಲಿನ ಟವೆಲಿನಿಂದ ಕುರ್ಚಿ ಒರೆಸಿ ಪಕ್ಕಕ್ಕೆ ನಿಂತು, "ಬಾಯಿ?" ಅಂತ ಕೇಳಿದರು.

"ಹೂಂ," ಅಂದಳು ಮರಿಯಾ, ಕೂತಳು. "ಅಕ್ಕ ಇಳಿಯೂದರಾಗ ಒಮ್ಮೆ ಹಂತ್ಯಾಕ ಕುಂಡ್ರತೇನಿ. ಒಯ್ಯಿರಿ."

ನಾಲ್ವರು ಎತ್ತಿದರು. ಅವರು ಎಂದಿನ ಹಾಗೆ ಹಿಂದು ಹಿಂದಕ್ಕೆ ಹತ್ತುತ್ತಾ, ಕೈ ಚಾಚಿ, "ಸಾವಕಾಶ, ಸಾವಕಾಶ" ಅನ್ನುತ್ತಾ ಬಂದರು. ಒಳಗೆ ಅತ್ತೆಯನ್ನು ಗೋಡೆಗೆ ಆನಿಸಿ ಕೂಡಿಸಿದ್ದೆವು. ಸುತ್ತ ಹೆಂಗಸರು ತುಂಬಿದ್ದರು. ಮರಿಯಾಳನ್ನು ಆಕೆಯ ಪಕ್ಕದಲ್ಲಿ ಇಳಿಸಿದ ಮೇಲೆ ಸ್ಟೋರಿನವರು ಬಾಗಿಲಲ್ಲಿ ನಿಂತು ಎಲ್ಲರಿಗೂ ಹೊರಗೆ ಬರುವಂತೆ ಸನ್ನೆ ಮಾಡಿದರು. ಯಾಕೆ ಅಂತ ಯಾರೋ ಕೇಳಿದರು. "ಅವರಿಬ್ಬರಿಗೂ ಮಾತಾಡುವುದಿದೆ," ಅಂದರು. ಆಮೇಲೆ ನನ್ನ ಕಡೆ ನೋಡಿದರು.

ನಾನೂ ಎದ್ದೆ. ಮೂಲೆಯಲ್ಲಿದ್ದ ಕೊಡ ತೆಗೆದುಕೊಂಡು ಹೊರಗೆ ಬಂದು, ಬಾಗಿಲು ಎಳೆದುಕೊಂಡೆ.